ನೋಡುವುದಕ್ಕೂ ಒಂದು ಬೆಲೆಯಿದೆ

‘ಬರೀ ಬಿಚ್ಚಿ ನೋಡೋದಕ್ಕೆ ದುಡ್ಡಾ?’ ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟು ಅಂಗಡಿಯಿರಲಿ, ತಾಲ್ಲೂಕು ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಮಳಿಗೆಯಿರಲಿ, ಈ ತಕರಾರು ತಪ್ಪಿದ್ದಲ್ಲ. ಡಾಕ್ಟರು ಏನೂ ಇಲ್ಲ, ಮನೆಗೆ ಹೋಗಿ ಎಂದರೂ ಫೀಸು ಕೊಟ್ಟು ನೆಮ್ಮದಿಯಿಂದ ಬರುವ ನಾವು, ಟಿವಿ ರಿಪೇರಿಯವರು ಅದೇ ಮಾತು ಹೇಳಿ ಕೈ ಚಾಚಿದರೆ ಸಿಡುಕುತ್ತೇವೆ.

ಪರಿಣಾಮ ನಮಗೇ ತಟ್ಟುತ್ತದೆ. ತಪಾಸಣೆ ಉಚಿತವಾದ ಕಡೆ ಅರ್ಧ ಗಂಟೆಯ ದುಡಿಮೆಯ ಕೂಲಿ ಎಲ್ಲಿಂದಲಾದರೂ ಹುಟ್ಟಬೇಕು; ಹುಟ್ಟುವುದು ಬಿಡಿಭಾಗದ ಲೆಕ್ಕದಲ್ಲಿ. ಸಡಿಲವಾದ ಕನೆಕ್ಟರನ್ನು ಒತ್ತಿ ಕೂರಿಸಿದ್ದು ಬಿಲ್ಲಿನಲ್ಲಿ ‘ಐಸಿ ಬದಲಾವಣೆ’ಯಾಗುತ್ತದೆ. ನಿಜ ಹೇಳಿದರೆ ಗಿರಾಕಿ ಐವತ್ತು ರೂಪಾಯಿಯನ್ನೂ ಬಿಚ್ಚುವುದಿಲ್ಲವೆಂದು ಅಂಗಡಿಯವರಿಗೆ ಗೊತ್ತು. ರಿಪೇರಿಯಲ್ಲಿ ಕಷ್ಟವಿರುವುದು ದೋಷ ಹುಡುಕುವುದರಲ್ಲೇ. ಸಾಲ್ಡರ್ ಹಾಕುವುದು ಆಮೇಲಿನ ಮಾತು. ಆದ್ದರಿಂದ ತಪಾಸಣಾ ಶುಲ್ಕ ಎಷ್ಟು, ರಿಪೇರಿ ಮಾಡಿಸಿದರೆ ಅದು ಒಟ್ಟು ಬಿಲ್ಲಿನಲ್ಲಿ ವಜಾ ಆಗುತ್ತದೆಯೇ, ಮಾಡಿಸದಿದ್ದರೆ ಸಾಮಾನು ಇದ್ದ ಹಾಗೆ ಜೋಡಿಸಿ ವಾಪಸು ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ಆ ಹಣವನ್ನು ಗೊಣಗದೆ ಕೊಡುವುದು ಲಾಭ.

ಟಿವಿಯನ್ನೇ ತೆಗೆದುಕೊಳ್ಳಿ. ಧ್ವನಿ ಬರುತ್ತದೆ, ಪರದೆ ಕಪ್ಪು. ‘ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ’ ಎಂಬ ತೀರ್ಪು ಬಲು ಬೇಗ ಬಂದುಬಿಡುತ್ತದೆ. ಎಲ್ಇಡಿ ಟಿವಿಯಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೋಣೆಯ ದೀಪ ಆರಿಸಿ, ಟಿವಿ ಹಚ್ಚಿ, ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿಯಾದರೂ ಚಿತ್ರ ಓಡಾಡುತ್ತಿದ್ದರೆ ಪ್ಯಾನೆಲ್ ಜೀವಂತವಾಗಿದೆ. ಕೆಟ್ಟಿರುವುದು ಹಿಂದಿನ ಬ್ಯಾಕ್‌ಲೈಟ್, ಅಂದರೆ ಎಲ್ಇಡಿ ಪಟ್ಟಿಗಳು ಅಥವಾ ಅವುಗಳಿಗೆ ಕರೆಂಟು ಕೊಡುವ ಸರ್ಕ್ಯೂಟು. ಅದರ ರಿಪೇರಿ ಪ್ಯಾನೆಲ್ ಬದಲಾವಣೆಗಿಂತ ಎಷ್ಟೋ ಅಗ್ಗ. ಪ್ಯಾನೆಲ್ಲೇ ಒಡೆದಿದ್ದರೆ ಮಾತ್ರ ಚೌಕಾಸಿಗೆ ಅರ್ಥವಿಲ್ಲ, ಬಹುಪಾಲು ಹೊಸ ಟಿವಿಯ ಬೆಲೆಯೇ ಬೀಳುತ್ತದೆ. ಅದನ್ನು ನೇರವಾಗಿ ಹೇಳುವವರು ಸಿಕ್ಕರೆ ಅವರ ನಂಬರು ಇಟ್ಟುಕೊಳ್ಳಿ.

ಮೊಬೈಲಿನ ಡಿಸ್‌ಪ್ಲೇಗೆ ಬಂದರೆ ‘ಒರಿಜಿನಲ್’ ಎಂಬುದಕ್ಕೆ ಮಾರುಕಟ್ಟೆಯಲ್ಲಿ ಹತ್ತು ಅರ್ಥ. ಕಂಪನಿಯ ಸರ್ವಿಸ್ ಸೆಂಟರಿನದು, ಹಳೆಯ ಫೋನಿನಿಂದ ಕಿತ್ತದ್ದು, ಬರೀ ಗಾಜು ಬದಲಿಸಿದ್ದು, ಕಾಪಿ, ಎಲ್ಲವೂ ಆ ಹೆಸರಿನಲ್ಲೇ ಮಾರಾಟವಾಗುತ್ತವೆ. ಓಎಲ್ಇಡಿ ಇದ್ದ ಫೋನಿಗೆ ಅಗ್ಗದ ಎಲ್‌ಸಿಡಿ ಕೂರಿಸಿದ್ದಾರೆಯೇ ಎಂದು ತಿಳಿಯಬೇಕೆ? ಕತ್ತಲಲ್ಲಿ ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆಯಿರಿ. ಓಎಲ್ಇಡಿಯಲ್ಲಿ ಕಪ್ಪು ಕಪ್ಪೇ, ಎಲ್‌ಸಿಡಿ ಬೂದಿ ಬಣ್ಣಕ್ಕೆ ಮಿನುಗುತ್ತದೆ. ಪರದೆಯೊಳಗಿನ ಬೆರಳಚ್ಚು ಕೂಡ ಇಂಥ ಕಾಪಿಯಲ್ಲಿ ಸಾಮಾನ್ಯವಾಗಿ ಕೆಲಸ ಮಾಡದು. ಐಫೋನ್ 12ರಿಂದೀಚಿನ ಫೋನುಗಳಾದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ನೋಡಿದರೆ ಬದಲಾದ ಡಿಸ್‌ಪ್ಲೇ, ಬ್ಯಾಟರಿಗಳ ಜಾತಕ ಸಿಗುತ್ತದೆ. ಕಾಪಿ ಹಾಕಿಸುವುದು ತಪ್ಪೇನಲ್ಲ. ಎರಡು ವರ್ಷ ಹಳೆಯ ಫೋನಿಗೆ ಅದೇ ಸರಿಯಾದ ಆಯ್ಕೆಯೂ ಆಗಬಹುದು. ಕಾಪಿಗೆ ಕಾಪಿಯ ಬೆಲೆ ಇರಬೇಕು, ಬಿಲ್ಲಿನಲ್ಲಿ ಹಾಗೆಂದು ಬರೆದಿರಬೇಕು, ಅಷ್ಟೆ. ತೆಗೆದ ಹಳೆಯ ಭಾಗವನ್ನು ಕೇಳಿ ನೋಡುವುದೂ ಒಳ್ಳೆಯದು. ಉಬ್ಬಿದ ಬ್ಯಾಟರಿಯನ್ನು ಮಾತ್ರ ದಯವಿಟ್ಟು ಮನೆಗೆ ತರಬೇಡಿ.

ನೀರಿಗೆ ಬಿದ್ದ ಫೋನಿನ ಕತೆ ಬೇರೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಎರಡು ದಿನ ಕಳೆಯುವಷ್ಟರಲ್ಲಿ ಒಳಗೆ ಬೋರ್ಡಿನ ಮೇಲೆ ತುಕ್ಕು ಶುರುವಾಗಿರುತ್ತದೆ. ಆರಿಸಿ, ಚಾರ್ಜಿಗೆ ಹಾಕದೆ, ಬೇಗ ಒಯ್ದು ಬಿಚ್ಚಿಸಿ ಸ್ವಚ್ಛ ಮಾಡಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು. ಹಾಗೆ ಉಳಿದದ್ದು ಮುಂದಿನ ತಿಂಗಳು ಸಾಯಲೂಬಹುದು. ‘ನೀರು ಬಿದ್ದದ್ದಕ್ಕೆ ವಾರಂಟಿ ಕೊಡಲ್ಲ ಸಾರ್’ ಎನ್ನುವವರು ನುಣುಚಿಕೊಳ್ಳುತ್ತಿದ್ದಾರೆ ಎಂದು ನನಗನಿಸುವುದಿಲ್ಲ. ಆರು ತಿಂಗಳ ಗ್ಯಾರಂಟಿ ಎಂದು ಎದೆ ತಟ್ಟುವವರ ಬಗ್ಗೆಯೇ ನನಗೆ ಗುಮಾನಿ. ಒಮ್ಮೆ ಬಿಚ್ಚಿದ ಫೋನಿನ ಅಂಟು ಮೊದಲಿನಷ್ಟು ಬಿಗಿಯಾಗಿರುವುದಿಲ್ಲ ಎಂಬುದನ್ನೂ ನೆನಪಿಡಿ. ಡಬ್ಬದ ಮೇಲೆ ಐಪಿ68 ಎಂದಿದ್ದರೂ ಆಮೇಲೆ ಮಳೆಯಲ್ಲಿ ಎಚ್ಚರ ಬೇಕು.

ಪಾಸ್‌ವರ್ಡ್ ಕೇಳಿದರೆ? ಟಚ್, ಕ್ಯಾಮೆರಾ ಪರೀಕ್ಷಿಸಲು ಕೆಲವೊಮ್ಮೆ ಬೇಕಾಗುವುದು ನಿಜ. ಆದರೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಸಣ್ಣ ದೋಷವಿಟ್ಟ ಲ್ಯಾಪ್‌ಟಾಪ್‌ಗಳನ್ನು ಬೇರೆ ಬೇರೆ ಅಂಗಡಿಗಳಿಗೆ ಕೊಟ್ಟು ನೋಡಿದಾಗ, ಕೆಲವೆಡೆ ತಂತ್ರಜ್ಞರು ಖಾಸಗಿ ಫೋಟೊ ತೆರೆದದ್ದು, ನಕಲು ಮಾಡಿಕೊಂಡದ್ದು ದಾಖಲಾಯಿತು. ನಮ್ಮ ಫೋನಿನಲ್ಲಿ ಬ್ಯಾಂಕೂ ಇದೆ, ಯುಪಿಐ ಕೂಡ ಇದೆ. ಸ್ಯಾಮ್‌ಸಂಗ್‌ನ ಅನೇಕ ಫೋನುಗಳಲ್ಲಿ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನಲ್ಲಿ ‘ರಿಪೇರ್ ಮೋಡ್’ ಇವೆ. ಅವನ್ನು ಹಾಕಿ ಕೊಟ್ಟರೆ ಫೋನು ಓಡುತ್ತದೆ, ನಿಮ್ಮ ಫೋಟೊ, ಮೆಸೇಜುಗಳು ಕಾಣುವುದಿಲ್ಲ. ಸಿಮ್, ಮೆಮೊರಿ ಕಾರ್ಡು ನಿಮ್ಮ ಜೇಬಿನಲ್ಲಿರಲಿ. ಬ್ಯಾಕಪ್ ಮಾಡಿಕೊಳ್ಳುವುದು ನಿಮ್ಮ ಕೆಲಸ, ಅಂಗಡಿಯವರದಲ್ಲ.

ಇನ್ನು ಕಾಗದ. ಸಾಮಾನು ಕೈಬಿಡುವ ಮುನ್ನ ಜಾಬ್ ಶೀಟ್ ಪಡೆಯಿರಿ. ಅದರಲ್ಲಿ ಐಎಂಇಐ ಅಥವಾ ಸೀರಿಯಲ್ ನಂಬರು, ನೀವು ಹೇಳಿದ ದೋಷ, ಮೊದಲೇ ಇದ್ದ ಗೀರು, ಬಿರುಕು, ಅಂದಾಜು ಖರ್ಚು, ಅದು ಮೀರಿದರೆ ಫೋನು ಮಾಡಿ ಒಪ್ಪಿಗೆ ಪಡೆಯುತ್ತೇವೆಂಬ ಮಾತು ಇರಲಿ. ಸಣ್ಣ ಅಂಗಡಿಯಲ್ಲಿ ಜಾಬ್ ಶೀಟ್ ಇರದಿದ್ದರೆ ಇದನ್ನೇ ಒಂದು ವಾಟ್ಸ್‌ಆ್ಯಪ್ ಸಂದೇಶವಾಗಿ ಕಳಿಸಿ, ಸರಿ ಎಂದು ಉತ್ತರ ಬರಿಸಿಕೊಳ್ಳಿ. ಕೊಟ್ಟ ಸೇವೆಗೆ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ದೂರಿಗೆ ಎರಡು ವರ್ಷದ ಗಡುವು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.

‘ನಿಮ್ಮ ಸಾಮಾನಿಗೆ ನಾವು ಜವಾಬ್ದಾರರಲ್ಲ’ ಎಂಬ ಬೋರ್ಡು ನೋಡಿ ಹೆದರಬೇಕಿಲ್ಲ. ತನ್ನ ಸ್ವಂತ ಸಾಮಾನನ್ನು ವಿವೇಕಿಯೊಬ್ಬ ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ ಹೇಳುತ್ತದೆ. ಅದೇ ಕಾಯ್ದೆ ಅಂಗಡಿಯವರ ಕೈಯನ್ನೂ ಬಲಪಡಿಸಿದೆ. ಒಪ್ಪಿದ ಕೆಲಸವನ್ನು ಸರಿಯಾಗಿ ಮುಗಿಸಿದ್ದರೆ, ಕೂಲಿ ಸಲ್ಲುವವರೆಗೆ ಸಾಮಾನು ಇಟ್ಟುಕೊಳ್ಳುವ ಹಕ್ಕನ್ನು 170ನೇ ಕಲಂ ಅವರಿಗೆ ಕೊಡುತ್ತದೆ. ಆ ಹಕ್ಕು ಈ ಕೆಲಸದ ಕೂಲಿಗೆ ಮಾತ್ರ. ಕಳೆದ ವರ್ಷದ ಮಿಕ್ಸರ್ ಬಾಕಿಗೆ ಈ ವರ್ಷದ ಫೋನು ಹಿಡಿದಿಡುವಂತಿಲ್ಲ. ನೀವು ಒಪ್ಪದ ಕೆಲಸವನ್ನು ತಾವಾಗಿಯೇ ಮಾಡಿ ದುಡ್ಡು ಕೇಳಿದರೆ, ಆಗ ತೆಗೆದು ತೋರಿಸಲು ಆ ಜಾಬ್ ಶೀಟ್ ಬೇಕಾಗುತ್ತದೆ.