ತಂತ್ರಾಂಶ ಅಭಿವೃದ್ಧಿಯಲ್ಲಿ ಹೊಸ ಪದ್ಧತಿಗಳು: ಅಳೆದು ನೋಡಿ ಅಳವಡಿಸಿ

ಬೆಂಗಳೂರಿನಲ್ಲಷ್ಟೇ ಅಲ್ಲದೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಇಂದು ತಂತ್ರಾಂಶ ತಯಾರಿಸುವ ಸಣ್ಣ ಸಂಸ್ಥೆಗಳಿವೆ. ಕೆಲಸದ ವೇಗ ಮತ್ತು ಗುಣಮಟ್ಟವನ್ನು ಹೆಚ್ಚಿಸುವುದಾಗಿ ಹೇಳುವ ಪದ್ಧತಿಗಳು ಇವುಗಳ ಮುಂದೆ ಒಂದರ ಹಿಂದೊಂದರಂತೆ ಬರುತ್ತಿವೆ. ಸಹೋದ್ಯೋಗಿಗಳಿಂದ ಕೋಡ್ ಪರಿಶೀಲನೆ, ಸ್ವಯಂಚಾಲಿತ ಪರೀಕ್ಷೆ, ಕೃತಕ ಬುದ್ಧಿಮತ್ತೆಯ ನೆರವು ಇವುಗಳಲ್ಲಿ ಕೆಲವು. ಯಾವುದಕ್ಕೆ ಹಣ ತೊಡಗಿಸಬೇಕೆಂಬುದನ್ನು ನಿರ್ಧರಿಸುವುದು ಹೇಗೆ?

ಬಳಸಿದವರ ಅಭಿಪ್ರಾಯವೊಂದೇ ಇದಕ್ಕೆ ಆಧಾರವಾಗಲಾರದು. ಅಮೆರಿಕದ ಎಂ.ಇ.ಟಿ.ಆರ್. ಎಂಬ ಸಂಶೋಧನಾ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಮಂದಿ ಅನುಭವಿ ತಂತ್ರಜ್ಞರಿಗೆ 246 ಕೆಲಸಗಳನ್ನು ವಹಿಸಲಾಗಿತ್ತು. ಯಾವ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯನ್ನು ಬಳಸಬಹುದೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಅನುಮತಿಯಿದ್ದ ಕೆಲಸಗಳಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಆದರೆ ಶೇ. 20ರಷ್ಟು ಸಮಯ ಉಳಿಯಿತೆಂದೇ ಅವರು ಭಾವಿಸಿದ್ದರು. ಈ ಫಲಿತಾಂಶ ಎಲ್ಲ ಸಂಸ್ಥೆಗಳಿಗೂ ಅನ್ವಯಿಸಬೇಕೆಂದಿಲ್ಲ. ಭಾವನೆಗೂ ಅಳತೆಗೂ ಇರುವ ಅಂತರವನ್ನಂತೂ ಇದು ತೋರಿಸುತ್ತದೆ.

ಆದುದರಿಂದ ಈ ಕ್ರಮಗಳು ಉಪಯುಕ್ತ:

1. ಮೂಲಸ್ಥಿತಿಯ ದಾಖಲೆ: ಪ್ರತಿ ಕೆಲಸಕ್ಕೆ ಹಿಡಿದ ದಿನಗಳು, ಗ್ರಾಹಕರು ಕಂಡ ದೋಷಗಳು, ತಿದ್ದುಪಡಿಗೆ ವ್ಯಯವಾದ ಗಂಟೆಗಳು – ಇವನ್ನು ಬದಲಾವಣೆಗೆ ಮೊದಲೇ ಕೆಲವು ತಿಂಗಳು ಬರೆದಿಡಬೇಕು.

2. ಸೀಮಿತ ಪ್ರಯೋಗ: ಒಂದು ತಂಡದಲ್ಲಿ ಒಂದೇ ಬದಲಾವಣೆ ಮಾಡಬೇಕು. ಕಲಿಕೆಯ ಆರಂಭದ ವಾರಗಳನ್ನು ಪ್ರತ್ಯೇಕವಾಗಿ ಪರಿಗಣಿಸಬೇಕು.

3. ಪೂರ್ಣ ವೆಚ್ಚದ ಲೆಕ್ಕ: ಉದಾಹರಣೆಗೆ, ಹತ್ತು ಮಂದಿಯ ತಂಡದಲ್ಲಿ ತಲಾ ಎರಡು ಗಂಟೆಯ ಸಾಪ್ತಾಹಿಕ ಪರಿಶೀಲನೆಗೆ, ಗಂಟೆಗೆ ರೂ. 400ರಂತೆ, ರೂ. 8,000 ತಗಲುತ್ತದೆ. ತಿದ್ದುಪಡಿಯಲ್ಲಿ ವಾರಕ್ಕೆ 25 ಗಂಟೆ ಉಳಿದರೆ ರೂ. 2,000 ಲಾಭ, 15 ಗಂಟೆ ಮಾತ್ರ ಉಳಿದರೆ ಅಷ್ಟೇ ನಷ್ಟ. ದೋಷದಿಂದ ಗ್ರಾಹಕರು ಕೈಬಿಟ್ಟುಹೋಗುವ ಸಂಭವವನ್ನೂ ಇದರೊಡನೆ ತೂಗಿ ನೋಡಬೇಕು.

4. ಅಂಕಿಗಳ ದುರುಪಯೋಗಕ್ಕೆ ತಡೆ: ದೋಷಗಳ ಸಂಖ್ಯೆಯನ್ನು ನೌಕರರ ವೇತನ ಬಡ್ತಿಗೆ ಜೋಡಿಸಿದರೆ ದೋಷಗಳು ಕಡಿಮೆಯಾಗುವ ಬದಲು ದಾಖಲೆಯಿಂದ ಮರೆಯಾಗುತ್ತವೆ.

ಲೆಕ್ಕಪತ್ರದ ದೃಷ್ಟಿಯಿಂದ ಇನ್ನೊಂದು ಅಂಶ ಗಮನಾರ್ಹ. ಲೆಕ್ಕಪತ್ರ ಮಾನಕ 26ರ ಪ್ರಕಾರ ತರಬೇತಿಯ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಮಾಡಿದಾಗಲೇ ಖರ್ಚಿಗೆ ಬರೆಯಬೇಕು. ಪ್ರಯೋಜನ ಮಾತ್ರ ಮುಂದಿನ ವರ್ಷಗಳಿಗೂ ಹರಡಬಹುದು. ಆದುದರಿಂದ ಮೊದಲ ವರ್ಷದ ಲಾಭ ತಗ್ಗಿದ ಮಾತ್ರಕ್ಕೆ ಪದ್ಧತಿ ವಿಫಲವಾಯಿತೆಂದು ತೀರ್ಮಾನಿಸಬಾರದು.

ಯಾವ ಫಲಿತಾಂಶ ಬಂದರೆ ಮುಂದುವರಿಸಬೇಕು, ಯಾವುದು ಬಂದರೆ ಕೈಬಿಡಬೇಕು ಎಂಬುದನ್ನು ಪ್ರಯೋಗಕ್ಕೆ ಮೊದಲೇ ಲಿಖಿತವಾಗಿ ನಿರ್ಧರಿಸಿಕೊಳ್ಳುವುದು ಕ್ಷೇಮ. ಹಣ ತೊಡಗಿಸಿದ ಮೇಲೆ ಮಾನದಂಡವನ್ನು ಹುಡುಕಹೊರಟರೆ ಖರ್ಚನ್ನು ಸಮರ್ಥಿಸುವ ಮಾನದಂಡವೇ ದೊರೆಯುತ್ತದೆ.