ಡಬ್ಲಿನ್ನಿನ ನಾಲ್ವರು: ಯು2 ಬ್ಯಾಂಡನ್ನು ಕೇಳುವ ಬಗೆ

ಯು2 ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, 1976ರ ಸೆಪ್ಟೆಂಬರಿನಲ್ಲಿ. ಮೌಂಟ್ ಟೆಂಪಲ್ ಶಾಲೆಯಲ್ಲಿ ಓದುತ್ತಿದ್ದ ಹದಿನಾಲ್ಕರ ಹುಡುಗ ಲ್ಯಾರಿ ಮಲನ್, ಬ್ಯಾಂಡ್ ಕಟ್ಟುವ ಆಸೆಯುಳ್ಳವರು ಬರಲಿ ಎಂದು ಶಾಲೆಯ ಸೂಚನಾ ಫಲಕಕ್ಕೆ ಚೀಟಿ ಹಚ್ಚಿದ. ಅರ್ಟೇನ್ ಬಡಾವಣೆಯ ಅವನ ಮನೆಯ ಅಡುಗೆಮನೆಯಲ್ಲಿ ಕೆಲವು ಹುಡುಗರು ಸೇರಿದರು. ಕಡೆಗೆ ಉಳಿದವರು ಮಲನ್, ಪಾಲ್ ಹ್ಯೂಸನ್, ಡೇವಿಡ್ ಎವಾನ್ಸ್ ಮತ್ತು ಆಡಂ ಕ್ಲೇಟನ್. ಹ್ಯೂಸನ್ ಬೋನೊ ಎಂಬ ಹೆಸರಿನ ಗಾಯಕನಾದ. ಎವಾನ್ಸ್ 'ದಿ ಎಡ್ಜ್' ಎಂಬ ಗಿಟಾರ್ ವಾದಕನಾದ. ಅರ್ಧ ಶತಮಾನ ಸಮೀಪಿಸಿದ ಮೇಲೂ ಬ್ಯಾಂಡಿನಲ್ಲಿರುವವರು ಅದೇ ನಾಲ್ವರು. ಜಗಳ, ಚಟ, ದುಡ್ಡು, ಸಾವು ಇವುಗಳಿಂದ ರಾಕ್ ಬ್ಯಾಂಡುಗಳು ಹತ್ತು ವರ್ಷವೂ ಬಾಳದೆ ಒಡೆದು ಹೋಗುವುದೇ ಹೆಚ್ಚು. ಯು2ನ ಸಂಗೀತವನ್ನು ತಿಳಿಯಲು ಈ ಒಗ್ಗಟ್ಟಿನಿಂದಲೇ ಶುರು ಮಾಡಬೇಕು.

ಆರಂಭದಲ್ಲಿ ಇವರಿಗೆ ವಾದ್ಯಗಳು ಹೆಚ್ಚೇನೂ ಒಲಿದಿರಲಿಲ್ಲ. ಮಲನ್‌ಗೆ ಡ್ರಮ್ಸ್ ಪಾಠವಾಗಿತ್ತು, ಮೆರವಣಿಗೆ ಬ್ಯಾಂಡಿನಲ್ಲಿ ಬಾರಿಸಿ ರೂಢಿಯಿತ್ತು. ಕ್ಲೇಟನ್ ಬಳಿ ಬೇಸ್ ಗಿಟಾರೂ ಆಂಪ್ಲಿಫೈಯರೂ ಇದ್ದವು, ನುಡಿಸುವ ವಿದ್ಯೆ ಇನ್ನೂ ಬರಬೇಕಿತ್ತು. ಬೇರೆಯವರ ಹಾಡುಗಳನ್ನು ಸರಿಯಾಗಿ ನುಡಿಸಲು ಬಾರದ ಕಾರಣ ತಮ್ಮ ಹಾಡುಗಳನ್ನೇ ಕಟ್ಟತೊಡಗಿದರು. ಮೊದಲು ಫೀಡ್‌ಬ್ಯಾಕ್, ಆಮೇಲೆ ದಿ ಹೈಪ್ ಎಂದು ಹೆಸರಿಟ್ಟುಕೊಂಡು, 1978ರಲ್ಲಿ ಯು2 ಎಂಬ ಹೆಸರಿಗೆ ಬಂದರು. ಆ ವರ್ಷದ ಮಾರ್ಚಿನಲ್ಲಿ ಲಿಮರಿಕ್ ಊರಿನ ಸ್ಪರ್ಧೆಯೊಂದರಲ್ಲಿ 500 ಪೌಂಡ್ ಬಹುಮಾನ ಸಿಕ್ಕಿತು. ಅದೇ ವರ್ಷ ಪಾಲ್ ಮೆಗಿನ್ನಿಸ್ ವ್ಯವಸ್ಥಾಪಕನಾಗಿ ಜೊತೆಗೂಡಿದ, ಮೂವತ್ತೈದು ವರ್ಷ ಜೊತೆಯಲ್ಲೇ ಉಳಿದ. ಬಂದ ಆದಾಯವನ್ನು ಸಮನಾಗಿ ಹಂಚಿಕೊಳ್ಳುವ, ಸಂಗೀತ ಸಂಯೋಜನೆಗೆ ಬ್ಯಾಂಡಿನ ಹೆಸರನ್ನೇ ಹಾಕುವ ಪದ್ಧತಿಯೂ ಆ ಕಾಲದ್ದೇ. ಹಾಡು ಯಾರದೆಂಬ ವ್ಯಾಜ್ಯ ಇವರ ನಡುವೆ ಬೆಳೆಯದೇ ಇದ್ದುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

1980ರಲ್ಲಿ ಐಲೆಂಡ್ ರೆಕಾರ್ಡ್ಸ್ ಕಂಪನಿಯೊಂದಿಗೆ ಒಪ್ಪಂದವಾಯಿತು. ಸ್ಟೀವ್ ಲಿಲಿವೈಟ್ ನಿರ್ಮಾಣದಲ್ಲಿ ಡಬ್ಲಿನ್ನಿನ ವಿಂಡ್‌ಮಿಲ್ ಲೇನ್ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡ ಮೊದಲ ಆಲ್ಬಂ 'ಬಾಯ್' ಆ ವರ್ಷದ ಅಕ್ಟೋಬರಿನಲ್ಲಿ ಬಂತು. ಅದರ ಮೊದಲ ಹಾಡು 'ಐ ವಿಲ್ ಫಾಲೋ'. 1974ರಲ್ಲಿ, ಬೋನೊಗೆ ಹದಿನಾಲ್ಕು ವರ್ಷವಾಗಿದ್ದಾಗ, ಅವನ ತಾಯಿ ಐರಿಸ್ ತಮ್ಮ ತಂದೆಯ ಅಂತ್ಯಕ್ರಿಯೆಯ ವೇಳೆ ಕುಸಿದು ಬಿದ್ದು ಕೆಲವು ದಿನಗಳಲ್ಲೇ ತೀರಿಕೊಂಡಿದ್ದರು. ಹಾಡಿನ ಹಿಂದಿರುವುದು ಆ ತಾಯಿ. ಮಲನ್ ಕೂಡ 1978ರಲ್ಲಿ ಅಪಘಾತವೊಂದರಲ್ಲಿ ತಾಯಿಯನ್ನು ಕಳೆದುಕೊಂಡ. ಈ ಇಬ್ಬರು ಗೆಳೆಯರನ್ನು ಹತ್ತಿರ ತಂದ ನೋವು ಇದು. ಬೋನೊನ ಹಾಡುಗಳಲ್ಲಿ ತಾಯಿ ಮತ್ತೆ ಮತ್ತೆ ಬರುತ್ತಾಳೆ, 2014ರ 'ಐರಿಸ್' ಹಾಡಿನವರೆಗೂ.

'ಬಾಯ್' ಕೇಳಿದ ಯಾರಿಗಾದರೂ ಮೊದಲು ಕಿವಿಗೆ ಬೀಳುವುದು ಎಡ್ಜ್‌ನ ಗಿಟಾರ್. ಇದನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಯು2ನ ನಾದವೆಂದು ಜಗತ್ತು ಗುರುತಿಸುವುದು ಇದನ್ನೇ. ಅವನ ಸಲಕರಣೆಗಳು ಹೆಚ್ಚಿಲ್ಲ: 1978ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಗಿಬ್ಸನ್ ಎಕ್ಸ್‌ಪ್ಲೋರರ್ ಗಿಟಾರ್, ವಾಕ್ಸ್ ಎಸಿ30 ಆಂಪ್ಲಿಫೈಯರ್, ನುಡಿಸಿದ ಸ್ವರವನ್ನು ತುಸು ತಡವಾಗಿ ಮತ್ತೆ ಕೇಳಿಸುವ 'ಮೆಮೊರಿ ಮ್ಯಾನ್' ಎಂಬ ಎಕೊ ಪೆಟ್ಟಿಗೆ. ನಿಮಿಷಕ್ಕೆ 120 ತಾಳ ಬೀಳುತ್ತಿದ್ದರೆ ಒಂದು ತಾಳದ ಅವಧಿ ಅರ್ಧ ಸೆಕೆಂಡು. ಎಡ್ಜ್ ಆ ಅವಧಿಯ ಮುಕ್ಕಾಲು ಪಾಲಿಗೆ, ಅಂದರೆ 0.375 ಸೆಕೆಂಡಿಗೆ, ಎಕೊ ಹೊಂದಿಸುತ್ತಾನೆ. ತಾಳಕ್ಕೆ ಎರಡು ಸ್ವರ ನುಡಿಸಿದಾಗ ಮರಳಿ ಬರುವ ಸ್ವರಗಳು ನಡುವಿನ ಖಾಲಿ ಜಾಗಗಳಲ್ಲಿ ಬಂದು ಕೂರುತ್ತವೆ. ಕೇಳುವವರಿಗೆ ನಾಲ್ಕು ಸ್ವರಗಳು ಓಡುತ್ತಿರುವಂತೆ ತೋರುತ್ತದೆ. 'ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್' ಹಾಡಿನ ಆರಂಭದಲ್ಲಿ ಈ ತಂತ್ರದ ಪೂರ್ಣ ಸೊಗಸು ಸಿಗುತ್ತದೆ. ಅಲ್ಲಿ ಗಿಟಾರ್ ಆರರ ನಡೆಯಲ್ಲಿ ಹೊರಟು, ಡ್ರಮ್ಸ್ ಸೇರುವ ಹೊತ್ತಿಗೆ ನಾಲ್ಕರ ನಡೆಗೆ ಹೊರಳುತ್ತದೆ.

ಇನ್ನೊಂದು ಸಂಗತಿ ಭಾರತೀಯ ಸಂಗೀತ ಬಲ್ಲವರಿಗೆ ಕೂಡಲೇ ಹೊಳೆಯುವಂಥದ್ದು. ಎಡ್ಜ್ ಹಲವು ಕಡೆ ಗಾಂಧಾರವನ್ನು ಬಿಟ್ಟು ಷಡ್ಜ, ಪಂಚಮ ಎರಡನ್ನೇ ನುಡಿಸುತ್ತಾನೆ, ಬಿಟ್ಟ ತಂತಿಯೊಂದು ಒಂದೇ ಶ್ರುತಿಯಲ್ಲಿ ಮೊಳಗುತ್ತಿರುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಸಂತೋಷದ ಮೇಜರ್, ವಿಷಾದದ ಮೈನರ್ ಎಂದು ಭಾವವನ್ನು ತೀರ್ಮಾನಿಸುವುದು ಗಾಂಧಾರವೇ. ಅದನ್ನು ಬಿಟ್ಟಾಗ ಹಾಡು ಯಾವ ಕಡೆಗೂ ವಾಲದೆ ನಿಲ್ಲುತ್ತದೆ, ಭಾವ ಪೂರ್ತಿಯಾಗಿ ಗಾಯಕನ ಕೊರಳಿಗೆ ಸೇರುತ್ತದೆ. ಬೋನೊನ ಏರುದನಿಗೆ ಅಷ್ಟೊಂದು ಬಯಲು ಸಿಗುವುದು ಇದರಿಂದ. ಕ್ಲೇಟನ್‌ನ ಬೇಸ್ ಸರಳ, ನಿಧಾನ, ಗಟ್ಟಿ. ಮಲನ್‌ನ ಡ್ರಮ್ಸ್‌ನಲ್ಲಿ ಮೆರವಣಿಗೆಯ ಹೆಜ್ಜೆಯಿದೆ. ನಾಲ್ವರೂ ಕಡಿಮೆ ನುಡಿಸುತ್ತಾರೆ, ಪರಸ್ಪರ ಜಾಗ ಬಿಟ್ಟುಕೊಡುತ್ತಾರೆ. ಪ್ರತಿಭೆಯ ಪ್ರದರ್ಶನವನ್ನು ರಾಕ್ ಸಂಗೀತದಿಂದ ಬಯಸುವವರಿಗೆ ಇದು ಸಪ್ಪೆಯೆನಿಸಬಹುದು, ಆದರೆ ಹಾಡು ಮನಸ್ಸಿನಲ್ಲಿ ನಿಲ್ಲುವುದು ಈ ಸಂಯಮದಿಂದಲೇ.

1981ರಲ್ಲಿ ಬ್ಯಾಂಡ್ ಒಡೆಯುವ ಹಂತಕ್ಕೆ ಬಂದಿತ್ತು. ಬೋನೊ, ಎಡ್ಜ್, ಮಲನ್ ಮೂವರೂ ಶಾಲೋಮ್ ಎಂಬ ಕ್ರೈಸ್ತ ಪ್ರಾರ್ಥನಾ ಗುಂಪಿನಲ್ಲಿದ್ದರು. ದೈವಭಕ್ತಿಗೂ ರಾಕ್ ಸಂಗೀತಕ್ಕೂ ಹೊಂದಿಕೆಯಾದೀತೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಕೊನೆಗೆ ಗುಂಪನ್ನು ಬಿಟ್ಟು ಬ್ಯಾಂಡನ್ನು ಉಳಿಸಿಕೊಂಡರು. ನಂಬಿಕೆ ಮಾತ್ರ ಹಾಡುಗಳಲ್ಲಿ ಉಳಿಯಿತು. 1983ರ 'ವಾರ್' ಆಲ್ಬಮ್ಮಿನ ಕೊನೆಯ ಹಾಡು '40', ಬೈಬಲಿನ ನಲವತ್ತನೆಯ ಕೀರ್ತನೆಯನ್ನು ಆಧರಿಸಿದ್ದು. ಅನೇಕ ವರ್ಷ ಕಾರ್ಯಕ್ರಮಗಳು ಮುಗಿಯುತ್ತಿದ್ದುದು ಇದರಿಂದ: ಎಡ್ಜ್ ಬೇಸ್ ಹಿಡಿಯುತ್ತಿದ್ದ, ಕ್ಲೇಟನ್ ಗಿಟಾರ್ ಹಿಡಿಯುತ್ತಿದ್ದ, ಪಲ್ಲವಿಯನ್ನು ಜನರ ಬಾಯಿಗೆ ಬಿಟ್ಟು ಒಬ್ಬೊಬ್ಬರೇ ವೇದಿಕೆಯಿಂದ ಇಳಿಯುತ್ತಿದ್ದರು, ಕೊನೆಗೆ ಮಲನ್ ಒಬ್ಬನೇ ಬಾರಿಸುತ್ತಿದ್ದ.

'ವಾರ್' ಬ್ಯಾಂಡಿಗೆ ರಾಜಕೀಯದ ದನಿ ಕೊಟ್ಟ ಆಲ್ಬಂ. ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ 1972ರ ಜನವರಿ 30ರಂದು ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟಿದ್ದ ನಿಶ್ಶಸ್ತ್ರ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಅಂದು ಹದಿಮೂರು ಜನ ಸತ್ತರು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. 'ಸಂಡೇ ಬ್ಲಡಿ ಸಂಡೇ' ಹಾಡಿನ ಹಿಂದಿರುವುದು ಈ ಹತ್ಯಾಕಾಂಡ. ವಿಂಡ್‌ಮಿಲ್ ಲೇನ್ ಸ್ಟುಡಿಯೊದ ಮೆಟ್ಟಿಲುಗಳ ಬಳಿ ಡ್ರಮ್ಸ್ ಇಟ್ಟು ಮುದ್ರಿಸಿಕೊಂಡ ಕಾರಣ ಏಟುಗಳು ಕಲ್ಲಿಗೆ ಬಡಿದಂತೆ ಕೇಳಿಸುತ್ತವೆ. ಹಾಡು ಯಾವ ಪಕ್ಷವನ್ನೂ ವಹಿಸುವುದಿಲ್ಲ. ಅಮೆರಿಕದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ 1983ರ ಜೂನ್ 5ರ ಮಳೆಯಲ್ಲಿ ಬೋನೊ ಬಿಳಿ ಬಾವುಟ ಹಿಡಿದು ಇದನ್ನು ಹಾಡಿದ ಚಿತ್ರೀಕರಣ ಬ್ಯಾಂಡನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಊರಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಸೇರಿದ್ದ ಜನರ ಮೇಲೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪಾದ ಐಆರ್‌ಎ ಬಾಂಬ್ ಸಿಡಿಸಿತು. ಅದೇ ರಾತ್ರಿ ಡೆನ್ವರಿನ ವೇದಿಕೆಯಲ್ಲಿ ಬೋನೊ ಹಾಡಿನ ನಡುವೆ ಆ ಹಿಂಸೆಯನ್ನು ಬಹಿರಂಗವಾಗಿ ಖಂಡಿಸಿದ. ಅವನ ಸಿಟ್ಟು 'ರ‍್ಯಾಟಲ್ ಅಂಡ್ ಹಮ್' ಚಿತ್ರದಲ್ಲಿ ಹಾಗೆಯೇ ಇದೆ.

ಈ ಕಥೆಗೆ ಇನ್ನೊಂದು ಘಟ್ಟವಿದೆ. 1998ರ ಏಪ್ರಿಲಿನಲ್ಲಿ ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದವಾಗಿ, ಮೇ 22ಕ್ಕೆ ಜನಮತಗಣನೆ ನಿಗದಿಯಾಗಿತ್ತು. ಮೂರು ದಿನ ಮೊದಲು ಬೆಲ್‌ಫಾಸ್ಟ್‌ನ ಕಾರ್ಯಕ್ರಮದಲ್ಲಿ, ಐರಿಷ್ ರಾಷ್ಟ್ರವಾದಿ ಮತ್ತು ಬ್ರಿಟನ್ ಪರ ಪಾಳಯಗಳ ನಾಯಕರಾದ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್ ಅವರ ಕೈಗಳನ್ನು ಬೋನೊ ವೇದಿಕೆಯ ಮೇಲೆ ಒಟ್ಟಿಗೆ ಹಿಡಿದೆತ್ತಿದ. ಆ ಚಿತ್ರ ಮರುದಿನ ಎಲ್ಲೆಡೆ ಹರಡಿತು. ಜನ ಒಪ್ಪಂದದ ಪರ ಮತ ಹಾಕಿದರು.

1984ರಲ್ಲಿ ಬ್ರಯಾನ್ ಈನೊ, ಡ್ಯಾನಿಯಲ್ ಲ್ಯಾನ್ವಾ ನಿರ್ಮಾಪಕರಾಗಿ ಬಂದ ಮೇಲೆ ಸಂಗೀತದ ಬಗೆ ಬದಲಾಯಿತು. 'ದಿ ಅನ್‌ಫರ್ಗೆಟಬಲ್ ಫೈರ್' ಆಲ್ಬಮ್ಮಿನ ಹೆಸರು ಹಿರೋಶಿಮಾ ಅಣುದಾಳಿಯಲ್ಲಿ ಬದುಕುಳಿದವರು ಬಿಡಿಸಿದ ಚಿತ್ರಗಳ ಪ್ರದರ್ಶನದಿಂದ ಬಂದದ್ದು. ಅದರಲ್ಲಿರುವ 'ಬ್ಯಾಡ್' ಹಾಡನ್ನು 1985ರ ಜುಲೈ 13ರಂದು ಬರಪೀಡಿತರ ನೆರವಿಗಾಗಿ ನಡೆದ ಲೈವ್ ಏಡ್ ಸಂಗೀತ ಕಾರ್ಯಕ್ರಮದ ವೇದಿಕೆಯಲ್ಲಿ ಸುಮಾರು ಹನ್ನೆರಡು ನಿಮಿಷ ಹಾಡಲಾಯಿತು. ನಡುವೆ ಬೋನೊ ವೇದಿಕೆಯಿಂದ ಕೆಳಗೆ ಹಾರಿ ಜನರ ನಡುವಿನ ಹುಡುಗಿಯೊಬ್ಬಳೊಂದಿಗೆ ಕುಣಿದ. ಅವನು ಎಲ್ಲಿ ಹೋದನೆಂದು ತಿಳಿಯದೆ ಮೂವರೂ ನುಡಿಸುತ್ತಲೇ ಇದ್ದರು. ಮೂರನೆಯ ಹಾಡಿಗೆ ಹೊತ್ತು ಉಳಿಯಲಿಲ್ಲ, ಅವಕಾಶ ಕೈತಪ್ಪಿತೆಂದು ಅವರು ಕುದಿದರು. ಜನರ ನೆನಪಿನಲ್ಲಿ ಉಳಿದದ್ದೋ ಆ ಹನ್ನೆರಡು ನಿಮಿಷವೇ.

1987ರ ಮಾರ್ಚಿನಲ್ಲಿ 'ದಿ ಜೋಶುವಾ ಟ್ರೀ' ಬಂತು. ಅದರ ಎರಡು ಹಾಡುಗಳು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು, ಆಲ್ಬಮ್ಮಿಗೆ ಗ್ರ್ಯಾಮಿ ಸಂದಿತು, 2.5 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಆಂಟನ್ ಕಾರ್ಬೈನ್ ತೆಗೆದ ಮರುಭೂಮಿಯ ಕಪ್ಪುಬಿಳುಪು ಚಿತ್ರಗಳು ಆಲ್ಬಮ್ಮಿನ ಮುಖವಾದವು. ಯುದ್ಧಪೀಡಿತ ಮಧ್ಯ ಅಮೆರಿಕವನ್ನು ಕಂಡುಬಂದ ಬೋನೊನ ಕೋಪ 'ಬುಲೆಟ್ ದ ಬ್ಲೂ ಸ್ಕೈ'ನಲ್ಲಿದೆ. ಡಬ್ಲಿನ್ನಿನ ಬ್ಯಾಲಿಮನ್ ವಸತಿ ಗೋಪುರಗಳಲ್ಲಿ ಹೆರಾಯಿನ್‌ಗೆ ಬಲಿಯಾದವರ ಸಂಕಟ 'ರನ್ನಿಂಗ್ ಟು ಸ್ಟ್ಯಾಂಡ್ ಸ್ಟಿಲ್'ನಲ್ಲಿದೆ. ಪ್ರಸಿದ್ಧ ಹಾಡುಗಳ ನೆರಳಿನಲ್ಲಿ ಕುಳಿತ ಈ ಎರಡನೆಯದು ಬೋನೊ ಬರೆದ ಅತ್ಯುತ್ತಮ ಹಾಡುಗಳಲ್ಲೊಂದು.

ಯಶಸ್ಸಿನ ಬಳಿಕ ಅದೇ ದಾರಿಯಲ್ಲಿ ಸಾಗದೆ ಎಲ್ಲವನ್ನೂ ಕೆಡವಿ ಕಟ್ಟಿದ್ದು ಈ ಬ್ಯಾಂಡಿನ ದೊಡ್ಡ ಧೈರ್ಯ. 1990ರ ಅಕ್ಟೋಬರಿನಲ್ಲಿ, ಎರಡು ಜರ್ಮನಿಗಳು ಒಂದಾಗುತ್ತಿದ್ದ ದಿನಗಳಲ್ಲೇ, ಇವರು ಬರ್ಲಿನ್ನಿನ ಹಾನ್ಸಾ ಸ್ಟುಡಿಯೊಗೆ ಹೋದರು. ಬೋನೊ ಮತ್ತು ಎಡ್ಜ್‌ಗೆ ಡ್ಯಾನ್ಸ್ ಸಂಗೀತದ ಲಯಗಳು, ಕರ್ಕಶ ನಾದ ಬೇಕಿದ್ದವು; ಮಲನ್, ಕ್ಲೇಟನ್‌ಗೆ ಅದು ಒಗ್ಗಲಿಲ್ಲ. ವಾರಗಟ್ಟಲೆ ಜಗಳ ನಡೆಯಿತು, ಬ್ಯಾಂಡ್ ಮುಗಿಯಿತೆಂಬ ಭಾವನೆ ಬಂತು. ಬೇರೊಂದು ಹಾಡಿಗಾಗಿ ಎಡ್ಜ್ ಹೊಸೆಯುತ್ತಿದ್ದ ಎರಡು ತುಣುಕುಗಳನ್ನು ಜೋಡಿಸಿ ನುಡಿಸಲು ಲ್ಯಾನ್ವಾ ಸೂಚಿಸಿದಾಗ ಎಲ್ಲರೂ ಸೇರಿಕೊಂಡರು. ಕೆಲವೇ ನಿಮಿಷಗಳಲ್ಲಿ 'ಒನ್' ಹಾಡು ರೂಪುಗೊಂಡಿತು. ಒಡೆದ ಸಂಬಂಧಗಳಲ್ಲೂ ಒಬ್ಬರನ್ನೊಬ್ಬರು ಹೊರಬೇಕೆನ್ನುವ ಈ ಹಾಡನ್ನು ಲೋಕ ಮದುವೆಗಳಲ್ಲೂ ಹಾಡಿಕೊಂಡಿತು, ಆದರೆ ಅದರೊಳಗಿನ ಕಹಿ ಸಣ್ಣದಲ್ಲ. 1991ರ 'ಆಕ್ಟುಂಗ್ ಬೇಬಿ' ಆಲ್ಬಂ ಇದರ ಫಲ. ಯು2ನ ಸಾಧನೆಯ ಶಿಖರ ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು.

ಜೊತೆಗೆ ಬಂದ 'ಝೂ ಟಿವಿ' ಪ್ರವಾಸ ರಾಕ್ ವೇದಿಕೆಯ ರೂಪವನ್ನೇ ಬದಲಿಸಿತು. ಪೂರ್ವ ಜರ್ಮನಿಯ ಟ್ರಾಬಂಟ್ ಕಾರುಗಳನ್ನು ಬೆಳಕಿನ ದೀಪಗಳಾಗಿ ತೂಗುಹಾಕಿದರು, ಟಿವಿ ಪರದೆಗಳ ಗದ್ದಲದ ನಡುವೆ ಕಪ್ಪು ಕನ್ನಡಕದ ಬೋನೊ ಕಾಣಿಸಿಕೊಂಡ. 1993ರಲ್ಲಿ ಬೋಸ್ನಿಯಾ ಯುದ್ಧದ ಮುತ್ತಿಗೆಗೆ ಸಿಕ್ಕಿದ್ದ ಸರಯೇವೊ ನಗರದ ಜನರನ್ನು ಉಪಗ್ರಹದ ಮೂಲಕ ಈ ಪರದೆಗಳಿಗೆ ಕರೆತಂದರು. ಯುದ್ಧ ಮುಗಿದ ಮೇಲೆ, 1997ರ ಸೆಪ್ಟೆಂಬರ್ 23ರಂದು, ಅದೇ ನಗರದ ಕೊಶೆವೊ ಕ್ರೀಡಾಂಗಣದಲ್ಲಿ ಹಾಡಿದರು. ಅಂದು ಬೋನೊನ ಗಂಟಲು ಕೈಕೊಟ್ಟಿತ್ತು. ಸಾವಿರಾರು ಜನರೇ ಹಾಡಿ ಮುಗಿಸಿದರು.

2000ದಿಂದ ಈಚಿನ ಆಲ್ಬಮ್ಮುಗಳಲ್ಲಿ 'ಆಲ್ ದಟ್ ಯು ಕಾಂಟ್ ಲೀವ್ ಬಿಹೈಂಡ್' ಗಟ್ಟಿಯಾದದ್ದು. 'ಬ್ಯೂಟಿಫುಲ್ ಡೇ' ಇರುವುದು ಇದರಲ್ಲಿ. 2009ರಿಂದ 2011ರವರೆಗಿನ '360' ಪ್ರವಾಸದ 110 ಕಾರ್ಯಕ್ರಮಗಳಿಗೆ 70 ಲಕ್ಷಕ್ಕೂ ಮಿಕ್ಕಿ ಟಿಕೆಟ್ ಮಾರಾಟವಾಯಿತು. ಒಟ್ಟು 22 ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಟೀಕೆಗಳೂ ಬಂದವು. ಬಡ ದೇಶಗಳ ಸಾಲ ಮನ್ನಾಗಾಗಿ ಬೋನೊ ಸರ್ಕಾರಗಳ ಬಾಗಿಲು ತಟ್ಟುತ್ತಿದ್ದಾಗಲೇ ಬ್ಯಾಂಡ್ 2006ರಲ್ಲಿ ತನ್ನ ವ್ಯವಹಾರದ ಒಂದು ಭಾಗವನ್ನು ತೆರಿಗೆ ಕಡಿಮೆಯಿರುವ ನೆದರ್ಲೆಂಡ್ಸ್‌ಗೆ ಸಾಗಿಸಿತು. 2014ರಲ್ಲಿ 'ಸಾಂಗ್ಸ್ ಆಫ್ ಇನೊಸೆನ್ಸ್' ಆಲ್ಬಮ್ಮನ್ನು ಬೇಕೆಂದು ಕೇಳದವರ ಐಟ್ಯೂನ್ಸ್ ಖಾತೆಗೂ ತುಂಬಿದ್ದಕ್ಕೆ ಜನ ಸಿಟ್ಟಾದರು, ಬೋನೊ ಕ್ಷಮೆ ಕೇಳಿದ. ಎರಡರಲ್ಲೂ ತಪ್ಪು ಬ್ಯಾಂಡಿನದೇ.

ಯು2 ಭಾರತಕ್ಕೆ ಮೊದಲ ಸಲ ಬಂದದ್ದು 2019ರ ಡಿಸೆಂಬರ್ 15ರಂದು, ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ. ಎ.ಆರ್. ರೆಹಮಾನ್ ಜೊತೆ ರಚಿಸಿದ 'ಅಹಿಂಸಾ' ಹಾಡು ಅದಕ್ಕೆ ಮುನ್ನವೇ ಬಿಡುಗಡೆಯಾಗಿತ್ತು. 'ಅಲ್ಟ್ರಾ ವಯೊಲೆಟ್' ಹಾಡನ್ನು ಬ್ಯಾಂಡ್ ಆ ಪ್ರವಾಸದುದ್ದಕ್ಕೂ ದಿಟ್ಟ ಮಹಿಳೆಯರಿಗೆ ಅರ್ಪಿಸುತ್ತಿತ್ತು. ಮುಂಬೈಯ ಪರದೆಯ ಮೇಲೆ ಮೂಡಿದ ಮುಖಗಳಲ್ಲಿ ಬೆಂಗಳೂರಿನಲ್ಲಿ 2017ರಲ್ಲಿ ಹತ್ಯೆಯಾದ ಪತ್ರಕರ್ತೆ ಗೌರಿ ಲಂಕೇಶ್ ಅವರದೂ ಇತ್ತು.

ನಾಲ್ವರಲ್ಲಿ ಒಬ್ಬರಿಲ್ಲದೆ ಬ್ಯಾಂಡ್ ವೇದಿಕೆ ಏರಿದ್ದು ವಿರಳ. 1993ರ ನವೆಂಬರಿನಲ್ಲಿ ಸಿಡ್ನಿಯ ಒಂದು ಕಾರ್ಯಕ್ರಮಕ್ಕೆ ಕ್ಲೇಟನ್ ಕುಡಿತದಿಂದಾಗಿ ಬರಲಾಗಲಿಲ್ಲ. ಆ ಬಳಿಕ ಅವನು ಚಟದಿಂದ ಹೊರಬಂದ, ಗೆಳೆಯರು ಕೈಬಿಡದೆ ಕಾದದ್ದನ್ನು ಮುಂದೆ ಬಹಿರಂಗವಾಗಿ ನೆನೆದ. ಲಾಸ್ ವೇಗಸ್ಸಿನ ಸ್ಫಿಯರ್ ಸಭಾಂಗಣದಲ್ಲಿ 2023ರ ಸೆಪ್ಟೆಂಬರಿನಿಂದ 2024ರ ಮಾರ್ಚಿನವರೆಗೆ ನಡೆದ 40 ಕಾರ್ಯಕ್ರಮಗಳಿಗೆ ಮಲನ್ ಶಸ್ತ್ರಚಿಕಿತ್ಸೆಯ ಕಾರಣ ಇರಲಿಲ್ಲ. ಡ್ರಮ್ಸ್ ಬಾರಿಸಿದ್ದು ಬ್ರಾಮ್ ವ್ಯಾನ್ ಡೆನ್ ಬರ್ಗ್.

ಹೊಸದಾಗಿ ಕೇಳುವವರು 'ದಿ ಜೋಶುವಾ ಟ್ರೀ'ಯಿಂದ ಹೊರಟು 'ಆಕ್ಟುಂಗ್ ಬೇಬಿ'ಗೆ ಬಂದು, ಆಮೇಲೆ ಹಿಂದಕ್ಕೆ 'ವಾರ್', 'ಬಾಯ್' ಕಡೆಗೆ ಹೋಗುವುದು ಒಳ್ಳೆಯದು. ಆಯ್ದ ಜನಪ್ರಿಯ ಹಾಡುಗಳ ಸಂಕಲನದಿಂದ ಶುರು ಮಾಡಿದರೆ ಆಲ್ಬಮ್ಮುಗಳ ಒಳಗಿನ ಹರಿವು ಕೈಗೆ ಸಿಗುವುದಿಲ್ಲ. 'ಬ್ಯಾಡ್' ಹಾಡನ್ನು ಮಾತ್ರ ವೇದಿಕೆಯ ಮುದ್ರಣದಲ್ಲೇ ಕೇಳಬೇಕು, ಸ್ಟುಡಿಯೊ ರೂಪ ಅದರ ಅರ್ಧದಷ್ಟೂ ಇಲ್ಲ. 1997ರ 'ಪಾಪ್' ಆಲ್ಬಮ್ಮಿನ 'ಪ್ಲೀಸ್' ಹಾಡನ್ನೂ ಹುಡುಕಿ ಕೇಳಬೇಕು. ನೋಡಲು ಮೂರು ಚಿತ್ರಗಳಿವೆ: ಬರ್ಲಿನ್ ದಿನಗಳ ಬಗ್ಗೆ 'ಫ್ರಮ್ ದ ಸ್ಕೈ ಡೌನ್', ಸರಯೇವೊ ಬಗ್ಗೆ 'ಕಿಸ್ ದ ಫ್ಯೂಚರ್', ಗಿಟಾರ್ ಬಗ್ಗೆ 'ಇಟ್ ಮೈಟ್ ಗೆಟ್ ಲೌಡ್'. ಈ ಕೊನೆಯದರಲ್ಲಿ ಎಡ್ಜ್ ತನ್ನ ಎಕೊ ಉಪಕರಣಗಳನ್ನು ಆರಿಸಿ, ತಾನು ನಿಜಕ್ಕೂ ಎಷ್ಟು ಕಡಿಮೆ ನುಡಿಸುತ್ತಾನೆಂದು ತೋರಿಸುತ್ತಾನೆ.