ಔಷಧ ಹೊರುವ ವಜ್ರದ ಕಣ

ಪ್ಲಾಸ್ಮಾ ಎಂದೊಡನೆ ನಮಗೆ ನೆನಪಾಗುವುದು ರಕ್ತ. 2020ರಲ್ಲಿ ಕೋವಿಡ್ ಬಂದಾಗ ಈ ಪದ ಮನೆಮಾತಾಗಿತ್ತು. ಆದರೆ ಭೌತವಿಜ್ಞಾನದ ಪ್ಲಾಸ್ಮಾ ಬೇರೆಯೇ. ಮಳೆಗಾಲ ಮುಗಿಯುವ ಹೊತ್ತಿಗೆ ಬಜಪೆಯ ಗುಡ್ಡಗಳ ಮೇಲೆ ಸಂಜೆ ಹೊತ್ತು ಮಿಂಚುತ್ತದಲ್ಲ, ಆ ಬೆಳಕಿನ ಗೆರೆ ಪ್ಲಾಸ್ಮಾ. ಉರಿಯುವ ಟ್ಯೂಬ್‌ಲೈಟಿನೊಳಗೆ ಇರುವುದೂ ಅದೇ. ವಿದ್ಯುತ್ ಶಕ್ತಿಯಿಂದ ಅನಿಲದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸ್ಥಿತಿ ಇದು. ಇದರ ನೆರವಿನಿಂದ ವಜ್ರದ ಕಣಗಳನ್ನು ಔಷಧ ಹೊರಲು ಸಜ್ಜುಗೊಳಿಸುವ ಪ್ರಯೋಗಗಳು ನಡೆದಿವೆ.

ಯಾವ ವಜ್ರ?

ಇದು ಒಡವೆಯ ವಜ್ರವಲ್ಲ. ಸ್ಫೋಟಕಗಳನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಸಿಡಿಸಿದಾಗ ಉಳಿಯುವ ಮಸಿಯಲ್ಲಿ ಅತಿಸೂಕ್ಷ್ಮ ವಜ್ರದ ಕಣಗಳಿರುವುದನ್ನು ಸೋವಿಯತ್ ವಿಜ್ಞಾನಿಗಳು 1963ರಲ್ಲಿ ಕಂಡುಕೊಂಡರು. ಒಂದೊಂದರ ಗಾತ್ರ ಸುಮಾರು 5 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ನ್ಯಾನೊಮೀಟರ್! ತೊಂದರೆಯೆಂದರೆ, ಈ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಮೇಲ್ಮೈಗೆ ಮಸಿಯೂ ಮೆತ್ತಿರುತ್ತದೆ.

ಮೇಲ್ಮೈಯ ಮಹಿಮೆ

ಪತ್ರೊಡೆಗೆ ತಂದ ಕೆಸುವಿನ ಎಲೆಗೆ ನೀರು ಹಾಕಿ ನೋಡಿ, ಹನಿ ಉರುಳಿ ಹೋಗುತ್ತದೆ. ಬಾಳೆಲೆಯಲ್ಲಿ ಅನ್ನ ಸಾರು ನಿಲ್ಲುವಷ್ಟೂ ಅಲ್ಲಿ ನೀರು ನಿಲ್ಲದು. ಯಾವುದು ಅಂಟಬೇಕು, ಯಾವುದು ಜಾರಬೇಕು ಎಂಬುದು ಮೇಲ್ಮೈಯ ಗುಣ. ವಜ್ರದ ಕಣವೂ ಹಾಗೆಯೇ. ಆಮ್ಲಜನಕದ ಪ್ಲಾಸ್ಮಾ ತಾಗಿಸಿದರೆ ಕಣ ನೀರಿಗೆ ಒಗ್ಗುತ್ತದೆ. ಜಲಜನಕದ ಪ್ಲಾಸ್ಮಾ ತಾಗಿಸಿದರೆ ಮೇಲ್ಮೈಯ ಗುಣ ಬದಲಾಗುತ್ತದೆ. ಅಮೋನಿಯಾ ಬಳಸಿದರೆ ಔಷಧ ಅಥವಾ ಪ್ರೋಟೀನ್ ಜೋಡಿಸಲು ಬೇಕಾದ ಕೊಂಡಿಗಳು ಮೂಡುತ್ತವೆ. ಕುದಿಯುವ ಆಮ್ಲಗಳಲ್ಲಿ ಅದ್ದುವ ಕೆಲಸವನ್ನು ಇದು ಕಡಿಮೆ ಮಾಡುತ್ತದೆ.

ಪ್ರಯೋಜನವೇನು?

ಕೆಲವು ಕ್ಯಾನ್ಸರ್ ಕೋಶಗಳು ಒಳಹೊಕ್ಕ ಔಷಧವನ್ನು ಹೊರದಬ್ಬುತ್ತವೆ. 2011ರಲ್ಲಿ ಅಮೆರಿಕದ ಡೀನ್ ಹೋ ಅವರ ತಂಡ ಡಾಕ್ಸೊರುಬಿಸಿನ್ ಔಷಧವನ್ನು ನ್ಯಾನೊ ವಜ್ರಕ್ಕೆ ಅಂಟಿಸಿ ಇಲಿಗಳಿಗೆ ಕೊಟ್ಟಾಗ, ಔಷಧ ಗಡ್ಡೆಯಲ್ಲಿ ಹೆಚ್ಚು ಕಾಲ ಉಳಿಯಿತು. ಹಲ್ಲಿನ ರೂಟ್ ಕೆನಾಲ್ ತುಂಬುವ ಗಟ್ಟಾಪರ್ಚಾಕ್ಕೆ ನ್ಯಾನೊ ವಜ್ರ ಬೆರೆಸಿ ಬೆರಳೆಣಿಕೆಯ ರೋಗಿಗಳಲ್ಲಿ ಪರೀಕ್ಷಿಸಿದ ವರದಿ 2017ರಲ್ಲಿ ಪ್ರಕಟವಾಯಿತು.

ಎಚ್ಚರಿಕೆ ಇರಲಿ

ವಜ್ರ ದೇಹದಲ್ಲಿ ಕರಗುವುದಿಲ್ಲ. ರಕ್ತಕ್ಕೆ ಚುಚ್ಚಿದ ಕಣಗಳು ಯಕೃತ್ತಿನಲ್ಲಿ ಸೇರಿಕೊಳ್ಳುವುದು ಪ್ರಾಣಿಗಳಲ್ಲಿ ಕಂಡುಬಂದಿದೆ. ಆದ್ದರಿಂದ ದೀರ್ಘಕಾಲದ ಪರೀಕ್ಷೆ ಅನಿವಾರ್ಯ. ಇಲಿಯಲ್ಲಿ ಫಲಿಸಿದ್ದೆಲ್ಲ ಮನುಷ್ಯರಲ್ಲಿ ಫಲಿಸಬೇಕೆಂದಿಲ್ಲ. ಆಯುರ್ವೇದದ ವಜ್ರಭಸ್ಮವನ್ನೂ ಇದನ್ನೂ ಒಂದೇ ಎಂದು ಭಾವಿಸಬಾರದು.

'ನ್ಯಾನೊ' ಹೆಸರಿನ ಜಾಹೀರಾತು ನಂಬಿ ನಡೆಯುತ್ತಿರುವ ಕೀಮೊಥೆರಪಿಯನ್ನು ನಿಲ್ಲಿಸಬೇಡಿ. ಯಾರಾದರೂ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಕರೆದರೆ, ಅದು ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ (ಸಿಟಿಆರ್‌ಐ) ದಾಖಲಾಗಿದೆಯೇ ಎಂದು ಕೇಳಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದೂ ವಿಚಾರಿಸಿ. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡು, ನಿಮ್ಮ ವೈದ್ಯರೊಡನೆ ಮಾತನಾಡಿದ ಬಳಿಕವೇ ಸಹಿ ಹಾಕಿ.